ಚೇತನಾಳ ಪಾಲಿನ ಪೆಟ್ಟು

ಸರಟೋಗಾ, ಅಕ್ಟೋಬರ್ ೧೯೯೯

ಅಕ್ಕನಿಗೆ ತಂಗಿ ನೀಲವ್ವನ ಶರಣು.

ಸೈಕಲ್ಲಿನಿಂದ ಬಿದ್ದು ಮುರಿದಿದ್ದ ನನ್ನ ಮೊಮ್ಮಗಳ ಭುಜದ ಎಲುಬು ಕೂಡಿದೆ. ನಿನ್ನೆ ಚೇತನಾ ಮತ್ತೆ ಯೂನಿವರ್ಸಿಟಿಯ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿದಳು. ನೋಡಲು ನಾನೂ ಮೈದಾನಕ್ಕೆ ಹೋಗಿದ್ದೆ.

ಐದು ಮಂದಿ ಒಂದೊಂದು ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಸಾಲಾಗಿ ನಡೆಯುತ್ತಾರೆ. ಒಬ್ಬೊಬ್ಬರ ಪಾಲಿಗೆ ಒಂದೊಂದೇ ಪೆಟ್ಟು. ಐದೂ ಒಂದರ ಹಿಂದೊಂದು ಬಿದ್ದರೇನೇ ತಾಳ ಪೂರ್ತಿ. ತನ್ನ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ ಎಂದು ಹುಡುಗಿ ಇಷ್ಟು ದಿನ ಕೊರಗಿದ್ದೇ ಕೊರಗಿದ್ದು. ಮೈದಾನಕ್ಕೆ ಇಳಿದ ಕೂಡಲೇ ತಂಡದ ಮುಂದಾಳು ಹುಡುಗಿ ಏನೋ ಹೇಳಿದಳು, ಇವಳು ಅತ್ತುಬಿಟ್ಟಳು. ನಾನು ಮೈದಾನದ ಅಂಚಿಗೆ ಹೋಗಿ ಅವಳನ್ನು ಕರೆದೆ.

"ಆಕಿ ಏನಂದ್ಲವಾ?" ಎಂದೆ.

"ಅಜ್ಜೀ, ನನ್ನ ಬೀಟು ಯಾರಿಗೂ ಕೊಟ್ಟಿಲ್ಲಂತ. ಪ್ರಾಕ್ಟೀಸಿನಾಗ ಅದರ ಪಾಳಿ ಬಂದಾಗ ಎಲ್ಲಾರೂ ಸುಮ್ನ ಇರ್ತಿದ್ರಂತ. ದೇ ವೇಟೆಡ್ ಫಾರ್ ಮಿ!"

ಆಮೇಲೆ ಬಾರಿಸಿದರು ನೋಡು! ತಾಳ ಎಲ್ಲೂ ಮುಗ್ಗರಿಸದೆ ಸಾಲಿನ ಈ ತುದಿಯಿಂದ ಆ ತುದಿಗೆ ಓಡಿತು. ಪಕ್ಕದ ಹುಡುಗ ಬಾರಿಸುತ್ತಲೇ ಇವಳ ಕಡೆ ತಿರುಗಿ ನಕ್ಕ. ಗುರುತಿಲ್ಲದ ಜನರ ನಡುವೆ ನಾನೊಬ್ಬಳೇ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಮೈದಾನದ ಮೆಟ್ಟಿಲು ಹತ್ತಿ ಮೊಣಕಾಲು ಬಾತಿದೆ, ಎಣ್ಣೆ ತಿಕ್ಕಿದ್ದೇನೆ, ನೀನು ಚಿಂತೆ ಮಾಡಬೇಡ. ಇವತ್ತೂ ಚೇತನಾಳ ಬ್ಯಾಂಡಿದೆ, ಕಾಲು ನೋವಿದ್ದರೆ ಮನೆಯಲ್ಲೇ ಇರು ಎಂದು ಮಗ ಹೇಳುತ್ತಿದ್ದಾನೆ. ಚೇತನಾ ಹೊರಗೆ ಕಾರಿನ ಹಾರ್ನು ಬಾರಿಸುತ್ತಿದ್ದಾಳೆ. ಚಪ್ಪಲಿ ಮೆಟ್ಟಿಕೊಂಡಾಯಿತು, ಹೊರಟೆ.

ನಿನ್ನ ನೀಲವ್ವ