ಅತ್ತೆಯ ಮಾತ್ರೆ

ಶಿರಾಳಕೊಪ್ಪ

ಅತ್ತೆಯವರಿಗೆ ವಾಣಿಶ್ರೀಯ ನಮಸ್ಕಾರ.

ಫೋನ್ ಮಾಡಿದರೆ ನೀವು ಮಾತಾಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಸ್ಪಂದನ ಚೆನ್ನಾಗಿದ್ದಾಳೆ. ಶಿವಮೊಗ್ಗದ ಆಸ್ಪತ್ರೆಯಿಂದ ಬಂದ ಮೇಲೆ ವಾಂತಿ ಇಲ್ಲ, ಎದೆಬಡಿತವೂ ಸರಿಯಾಗಿದೆ.

ನಿಮ್ಮ ಮಗಳು ಸುಮಾ ನಿನ್ನೆ ಫೋನಿನಲ್ಲಿ ಅಳುತ್ತಾ, "ಅತ್ತಿಗೆ, ಸೊರಬಕ್ಕೆ ಬಂದಾಗಿಂದ ಅವ್ವ ಹಾರ್ಟಿನ ಮಾತ್ರೆ ಮುಟ್ಟಿಲ್ಲ. 'ಕೂಸಿನ ಜೀವ ತೆಗೀತಿದ್ದ ಮಾತ್ರೆ ನಂಗ್ಯಾಕೆ' ಅಂತಾಳೆ" ಎಂದಳು.

ಮಾತ್ರೆ ನಿಮ್ಮ ಕೈ ಜಾರಿ ಬಿತ್ತು, ಅಂಬೆಗಾಲಿಡುವ ಮಗು ಅದನ್ನು ಬಾಯಿಗೆ ಹಾಕಿಕೊಂಡಿತು. ಅದರಲ್ಲಿ ನಿಮ್ಮ ತಪ್ಪೇನಿದೆ? ಆಸ್ಪತ್ರೆಯಲ್ಲಿ ಎಲ್ಲರೆದುರು "ನನ್ನ ಮಗೂನ ಇನ್ನು ಮುಟ್ಟಬ್ಯಾಡ್ರಿ" ಎಂದು ನಾನು ಕೂಗಬಾರದಾಗಿತ್ತು. ನೀವು ಬಸ್ಸು ಹತ್ತಿ ಹೋದ ಮೇಲೆ ಡಾಕ್ಟರು ಹೇಳಿದರು: "ಅಜ್ಜಿ ಕೂಡಲೇ ಮಾತ್ರೆ ಶೀಟು ಹಿಡ್ಕೊಂಡು ಬಂದಿದ್ದಕ್ಕೆ ಯಾವ ಔಷಧಿ ಅಂತ ನಮಗೆ ಗೊತ್ತಾಯ್ತು. ಇಲ್ಲದಿದ್ರೆ ಮಗೂನ ಉಳಿಸೋದು ಕಷ್ಟ ಇತ್ತು ಕಣಮ್ಮ." ಅದನ್ನು ಕೇಳಿಸಿಕೊಳ್ಳಲು ನೀವು ಅಲ್ಲಿರಲಿಲ್ಲ.

ದಯವಿಟ್ಟು ಇವತ್ತೇ ಸುಮಾಳ ಜೊತೆ ಡಾಕ್ಟರ ಹತ್ತಿರ ಹೋಗಿ, ಅವರು ಹೇಳಿದಂತೆ ಮಾತ್ರೆ ಶುರು ಮಾಡಿ. ಸಿಟ್ಟಿದ್ದರೆ ಮನೆಗೆ ಬಂದು ನನಗೇ ಬೈಯಿರಿ. ಮಾತ್ರೆ ಇಡಲು ಗೋಡೆಗೆ ಎತ್ತರದಲ್ಲಿ ಒಂದು ಪೆಟ್ಟಿಗೆ ಹೊಡೆಸಿದ್ದೇವೆ. ಭಾನುವಾರ ನಿಮ್ಮನ್ನು ಕರೆಯಲು ಬರುತ್ತೇವೆ.

ಸ್ಪಂದನ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ನಿಮ್ಮ ಕೋಣೆಯ ಬಾಗಿಲು ತಳ್ಳಿ ಒಳಗೆಲ್ಲ ನೋಡಿ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತಾಳೆ. ಅವಳಿಗೆ ನಾನೇನು ಹೇಳಲಿ?

ನಿಮ್ಮ ಸೊಸೆ,
ವಾಣಿಶ್ರೀ