ನೀಲಿ ಬೀಳದ ನೀಲಕಂಠ

ಧಾರವಾಡ, ಮಾಳಮಡ್ಡಿ
೩೦ ಫೆಬ್ರವರಿ ೨೧೩೧

ಪೂಜ್ಯ ಸುಗಂಧಾ ಅಜ್ಜಿಯವರಿಗೆ ಪಾರಿಜಾತಳ ಶರಣು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರ್ ತಿದ್ದಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಿಮಗೀಗ ಮೂವತ್ತಾರು ವರ್ಷ, ನನಗೆ ನಲವತ್ತನಾಲ್ಕು. ಆದರೂ ನಿಮ್ಮನ್ನು ಅಜ್ಜಿ ಎನ್ನದೆ ನನಗೆ ಬೇರೆ ದಾರಿಯಿಲ್ಲ. ಈಗ ನಿಮ್ಮ ತೊಡೆಯ ಮೇಲೆ ನಿದ್ದೆ ಹೋಗುವ ನಾಲ್ಕು ವರ್ಷದ ಮಗನಿಗೆ ಮುಂದೆ ಶಿವಗಂಗಾ ಎಂಬ ಮಗಳು ಹುಟ್ಟುತ್ತಾಳೆ. ಆಕೆಯ ಸೊಸೆ ನಾನು. ಈ ಕಾಗದ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುವುದೋ ಇಲ್ಲವೋ ತಿಳಿಯದು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ಮೊದಲು ಮನೆಯ ಸುದ್ದಿ. ನೀವು ಪಡಸಾಲೆಯಲ್ಲಿ ಹಾಕಿಸಿದ ಸಾಗವಾನಿ ಮೇಜು ಇನ್ನೂ ಗಟ್ಟಿಯಾಗಿದೆ. ಅಂಚೆಚೀಟಿ ಮಾರುವ ಕೆಲಸ ಈಗಲೂ ಅದರ ಮೇಲೆಯೇ ನಡೆಯುತ್ತದೆ. ಬೆಳಗಿನ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಮೇಜಿಗೆ ಕೂಡುತ್ತೇವೆ. ಹನ್ನೊಂದಕ್ಕೆ 'ಬಿಸಿಲುಬೀಗ' ಬೀಳುತ್ತದೆ, ಅಂದರೆ ಆಮೇಲೆ ನಾಲ್ಕರವರೆಗೆ ಯಾರೂ ಬೀದಿಗಿಳಿಯಬಾರದೆಂಬ ಕಾಯಿದೆ. ಆ ಹೊತ್ತಿನಲ್ಲೇ ನಮ್ಮ ಹೆಚ್ಚಿನ ಕೆಲಸ. ನನ್ನ ಗಂಡ ಬಸವಂತ ಚೀಟಿಗಳನ್ನು ನೀರಲ್ಲಿ ನೆನೆಸಿ ಹಳೆಯ ಲಕೋಟೆಯಿಂದ ಬಿಡಿಸುತ್ತಾನೆ, ನಾನು ಒಣಗಿಸಿ ವಿಂಗಡಿಸುತ್ತೇನೆ. ಕಟ್ಟಿದ ಪೊಟ್ಟಣಗಳನ್ನು 'ಹೊರೆಹಕ್ಕಿ' ಒಯ್ಯುತ್ತದೆ. ಅದು ಸಾಮಾನು ಹೊತ್ತು ಹಾರುವ ಯಂತ್ರ, ಮಾಳಿಗೆಯ ಮೇಲೆ ಬಂದು ಕೂಡುತ್ತದೆ. ಕಾಗದ ಬರೆಯುವವರು ಯಾರೂ ಉಳಿದಿಲ್ಲ. ಚೀಟಿ ಕೂಡಿಸುವವರು ಮಾತ್ರ ಇದ್ದಾರೆ.

ನೀವು ಶುರುಮಾಡಿದ ಮಕ್ಕಳ ಪೊಟ್ಟಣವನ್ನೂ ನಿಲ್ಲಿಸಿಲ್ಲ. ಸಾಮಾನ್ಯ ಚೀಟಿ ಇಪ್ಪತ್ತೈದು, ಜೊತೆಗೆ ಅಂಚೆಚೀಟಿ ಎಂದರೇನೆಂದು ನೀವು ಬರೆದ ಆ ನಾಲ್ಕು ಸಾಲು. ಆ ಪೊಟ್ಟಣ ತುಂಬುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಚೀಟಿಯ ಅಂಚಿನ ಹಲ್ಲು ಹರಿದೆ. ಅದಕ್ಕೆ ಮೂರು ವರ್ಷ ನನ್ನನ್ನು ಮೇಜಿನ ಹತ್ತಿರ ಬಿಡಲಿಲ್ಲ. ಬಿಗಿ ಹೆಂಗಸು. ಎಂಬತ್ತು ದಾಟಿದ ಮೇಲೆ ಆಕೆಯ ಕಣ್ಣು ಮಂಜಾಗತೊಡಗಿತು. ಆಕೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ಆ ಹಕ್ಕಿಯ ವಿಷಯ. ನೀವು ಅದನ್ನು ಇನ್ನೂ ಕಂಡಿರಲಿಕ್ಕಿಲ್ಲ. ಸ್ವಲ್ಪ ದಿನದಲ್ಲಿ ನೀವು ಕೊಳ್ಳುವ ಒಂದು ಹಾಳೆಯಲ್ಲಿ ನೀಲಕಂಠ ಹಕ್ಕಿಯ ಚೀಟಿಗಳಿರುತ್ತವೆ. ಮೂಲೆಯ ಒಂದಕ್ಕೆ ಮಾತ್ರ ಅಚ್ಚಿನಲ್ಲಿ ನೀಲಿ ಬಿದ್ದಿರುವುದಿಲ್ಲ. ರೆಕ್ಕೆ ಕಾಗದದಷ್ಟೇ ಬಿಳುಪು. ನೀವು ಅದನ್ನು ಎತ್ತಿಡುತ್ತೀರಿ. ನಂತರ ಬಂದವರೂ ಎತ್ತಿಟ್ಟರು. ಹೋದ ವರ್ಷ ದೂರದ ಒಂದು ವಸ್ತುಸಂಗ್ರಹಾಲಯದವರು ಅದನ್ನು ಕೇಳಿದರು. ಗಾಜಿನ ಕೆಳಗಿಟ್ಟು, 'ಧಾರವಾಡದ ಸುಗಂಧಾ ಅವರ ಸಂಗ್ರಹದಿಂದ' ಎಂದು ಹೆಸರು ಹಾಕುತ್ತೇವೆಂದರು. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವರು ನೋಡಲು ಬರುವ ದಿನ ಅದನ್ನು ಆಲ್ಬಮ್ಮಿನಿಂದ ತೆಗೆದು ಮೇಜಿನ ಮೇಲಿಟ್ಟು, ನಾನು ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದೆ.

ಬಂದು ನೋಡಿದರೆ ಹಕ್ಕಿಯ ಚೀಟಿ ಇಲ್ಲ. ಅತ್ತೆ ಅದೇ ಮೇಜಿನಲ್ಲಿ, ಬೆರಳಿನಿಂದ ತಡವಿ ತಡವಿ ಆ ತಿಂಗಳ ಮಕ್ಕಳ ಪೊಟ್ಟಣಗಳನ್ನು ಕಟ್ಟಿ ಮುಗಿಸಿದ್ದರು. ಹೊರೆಹಕ್ಕಿ ಅವನ್ನೂ, ಅವುಗಳ ನಡುವೆ ಸೇರಿಹೋದ ಆ ಚೀಟಿಯನ್ನೂ ಹೊತ್ತು ಆಗಲೇ ಹಾರಿಹೋಗಿತ್ತು.

ಆ ದಿನ ನಾನು ಆಡಿದ ಮಾತು ನಿಮಗೆ ಮರೆಮಾಚುವುದಿಲ್ಲ. ಬಂದವರ ಎದುರಿಗೇ ಅಂದೆ: "ನಿಮಗ ಕಣ್ಣ ಕಾಣೂದಿಲ್ಲ ಅಂತ ಒಪ್ಪಿಕೊಳ್ರಿ ಅತ್ತಿ. ಇನ್ನ ಮ್ಯಾಲ ಈ ಮೇಜಿನ ಹತ್ರ ಬರಬ್ಯಾಡ್ರಿ."

ಆಕೆ ಚೀಟಿ ಹಿಡಿಯುವ ಚಿಮಟ ಮೇಜಿನ ಮೇಲಿಟ್ಟು, ಗೋಡೆ ಹಿಡಿದು ನಡೆದು ಹೋಗಿ ಹಿತ್ತಲ ಕಟ್ಟೆಯ ಮೇಲೆ ಕೂತರು. ಹನ್ನೊಂದು ವಾರ ಅಲ್ಲಿಯೇ ಕೂತರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದರು. ಒಂದು ದಿನ ಬಟ್ಟೆ ಒಣಹಾಕಲು ಹೋದಾಗ ನೋಡಿದೆ: ಮಡಿಲಲ್ಲಿ ಏನೂ ಇಲ್ಲ, ಆದರೂ ಬೆರಳುಗಳು, ಇಲ್ಲದ ಚೀಟಿಗಳನ್ನು ವಿಂಗಡಿಸುತ್ತಿದ್ದವು. ಆಗಲೇ ಹೋಗಿ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬಟ್ಟೆ ಹಾಕಿ ಒಳಗೆ ಬಂದೆ.

ಆ ತಿಂಗಳು ಪೊಟ್ಟಣ ಹೋದ ಹತ್ತೊಂಬತ್ತು ಮನೆಗಳಿಗೂ ಬಸವಂತ ವಿಚಾರಿಸಿದ. ಹದಿನೆಂಟು ಕಡೆಯಿಂದ ಇಲ್ಲವೆಂಬ ಉತ್ತರ ಬಂತು. ಉಳಿದದ್ದು ತೇಲೂರಿನ ಒಂದು ಮನೆ. ತೇಲೂರೆಂದರೆ ಕಾರವಾರದ ಎದುರಿಗೆ ಸಮುದ್ರದ ಮೇಲೆ ತೇಲುವಂತೆ ಕಟ್ಟಿದ ಊರು, ದಂಡೆಯ ಮನೆಗಳನ್ನು ನೀರು ನುಂಗಿದ ಮೇಲೆ ಅಲ್ಲಿಯ ಜನ ಅದರಲ್ಲಿದ್ದಾರೆ. ಮಳೆಗಾಲದಲ್ಲಿ ಆ ಊರನ್ನೇ ಎಳೆದು ಬೇರೆಡೆ ಕಟ್ಟಿಹಾಕುತ್ತಾರೆ, ಯಾವ ಸುದ್ದಿಯೂ ಸಿಗುವುದಿಲ್ಲ.

ಹನ್ನೆರಡನೆಯ ವಾರ ಹೊರೆಹಕ್ಕಿ ಒಂದು ಲಕೋಟೆ ತಂದಿಟ್ಟಿತು. ಗೋಧಿಹಿಟ್ಟಿನ ಅಂಟು ಹಚ್ಚಿ ಕೈಯಲ್ಲೇ ಮಾಡಿದ್ದು. 'ಅಂಚೆಚೀಟಿ ಅಜ್ಜಿ, ಮಾಳಮಡ್ಡಿ' ಎಂಬ ವಿಳಾಸ. ಬಲಗಡೆ ಮೂಲೆಯಲ್ಲಿ ನಮ್ಮ ನೀಲಕಂಠ. ಗಟ್ಟಿಯಾಗಿ ಅಂಟಿಸಿ, ಮೇಲೆ ಶಾಯಿಯಿಂದ ದುಂಡಗೆ ಅಂಚೆ ಠಸ್ಸೆಯ ಚಿತ್ರ ಬರೆದಿತ್ತು. ಅಷ್ಟೇ ಅಲ್ಲ, ಬಿಳಿಯ ರೆಕ್ಕೆಗಳಿಗೆ ಬಣ್ಣದ ಪೆನ್ಸಿಲ್ಲಿನಿಂದ ನೀಲಿ ತುಂಬಿತ್ತು.

ಬಸವಂತ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಲಕೋಟೆ ಹಿಡಿದು ಹಿತ್ತಲಿಗೆ ಹೋಗಿ, ಅತ್ತೆಯ ಪಕ್ಕ ಕೂತು ಓದಿದೆ.

'ಅಜ್ಜಿಗೆ ನಮಸ್ಕಾರ. ನಾನು ಜಾನಕಿ ಹರಿಕಾಂತ. ನನಗೆ ಒಂಬತ್ತು ವರ್ಷ. ಚೀಟಿ ಅಂಟಿಸಿದರೆ ಕಾಗದ ಎಷ್ಟು ದೂರವಾದರೂ ಹೋಗುತ್ತದೆ ಎಂದು ನೀವು ಬರೆದಿದ್ದೀರಿ. ಬೇರೆ ಚೀಟಿಗಳಿಗೆಲ್ಲ ಠಸ್ಸೆ ಬಿದ್ದಿದೆ, ಅವುಗಳ ಕೆಲಸ ಮುಗಿದಿದೆ. ಇದೊಂದಕ್ಕೆ ಬಿದ್ದಿರಲಿಲ್ಲ. ಹಕ್ಕಿಗೆ ಬಣ್ಣ ಹಚ್ಚುವುದನ್ನು ಯಾರೋ ಮರೆತಿದ್ದರು, ನಾನೇ ಹಚ್ಚಿದೆ. ನನ್ನ ಅಜ್ಜಿ ಈ ಮಳೆಗಾಲದಲ್ಲಿ ತೀರಿಕೊಂಡಳು. ಈಗ ನನಗೆ ಕಾಗದ ಬರೆಯಲು ಅಜ್ಜಿ ಇಲ್ಲ. ನೀವು ಆಗುತ್ತೀರಾ?'

ಅತ್ತೆ ಕೈ ಚಾಚಿದರು. ನಾನು ಆಕೆಯ ಬೆರಳನ್ನು ಹಿಡಿದು ಚೀಟಿಯ ಮೇಲಿಟ್ಟೆ.

"ಬಣ್ಣ ಎಲ್ಲೆ ಹಚ್ಚ್ಯಾಳವಾ?"

"ರೆಕ್ಕಿ ತುಂಬ ಹಚ್ಚ್ಯಾಳ್ರೀ ಅತ್ತಿ. ಒಂದೀಟು ಗೆರಿ ದಾಟೇತಿ."

"ದಾಟಲಿ ಬಿಡು. ಹಕ್ಕಿ ಅಲ್ಲೇನು ಅದು!"

ಹಾಗೆಂದು ಆಕೆ ನಕ್ಕರು. ಹನ್ನೊಂದು ವಾರ ಕೇಳದ ನಗು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ. "ತಪ್ಪಾತ್ರೀ ಅತ್ತಿ" ಎಂದೆ.

"ನಾ ಮೂರು ವರ್ಷ ನಿನ್ನ ಹೊರಗ ಇಟ್ಟಿದ್ನೆಲ್ಲ, ಆವಾಗ ನೀ ಎಷ್ಟು ಅತ್ತಿರಬೇಕು, ನಾ ಕೇಳಿದ್ನೇನು?" ಎಂದು ಸೆರಗಿನಿಂದ ನನ್ನ ಮುಖ ಒರೆಸಿದರು. "ಏಳು. ಹುಡುಗಿ ದಾರಿ ನೋಡತಿರತೈತಿ. ನಾ ಹೇಳತೀನಿ, ನೀ ಬರಿ."

ಕೈಯಲ್ಲಿ ಬರೆಯುವ ರೂಢಿ ತಪ್ಪಿ ಎಷ್ಟೋ ಕಾಲವಾಗಿತ್ತು. ನನ್ನ ಅಕ್ಷರ ಜಾನಕಿಯದಕ್ಕಿಂತ ಸೊಟ್ಟ. ಆದರೂ ಅದೇ ಮಧ್ಯಾಹ್ನ ಮೇಜಿನ ಎದುರು ಇಬ್ಬರೂ ಕೂತು ಎರಡು ಪುಟ ಬರೆದೆವು. ವಸ್ತುಸಂಗ್ರಹಾಲಯದವರು ವಿಷಯ ತಿಳಿದು, ಬಣ್ಣ ಹಚ್ಚಿದ ಚೀಟಿ ತಮಗೆ ಬೇಡವೆಂದರು. ನಿಮ್ಮ ಹೆಸರು ಗಾಜಿನ ಕೆಳಗೆ ಬರುವುದಿಲ್ಲ. ಅದಕ್ಕಾಗಿ ಕ್ಷಮೆ ಕೇಳಬೇಕೆಂದೇ ಈ ಕಾಗದ ಹಿಡಿದು ಕೂತೆ. ಬರೆಯುತ್ತಾ ಬರೆಯುತ್ತಾ, ನೀವು ಸಿಟ್ಟಾಗುವವರಲ್ಲ ಎಂದು ಏಕೋ ಧೈರ್ಯ ಬಂದಿದೆ.

ಈಗ ತಿಂಗಳಿಗೆ ಎರಡು ಕಾಗದ ಬರುತ್ತವೆ, ಎರಡು ಹೋಗುತ್ತವೆ. ನಾಡಿದ್ದು ಜಾನಕಿ ತನ್ನ ಅಪ್ಪನ ಜೊತೆ ಇಲ್ಲಿಗೆ ಬರುತ್ತಾಳೆ. ಅತ್ತೆ ನಿನ್ನೆಯಿಂದ ಕರಿಗಡಬಿಗೆ ಹೂರಣ ರುಬ್ಬಿಸುತ್ತಿದ್ದಾರೆ, ಬೆಲ್ಲ ಸಾಲದೆಂದು ಎರಡು ಸಲ ನನ್ನನ್ನು ಬೈದಿದ್ದಾರೆ.

ಅಜ್ಜಿ, ಒಂದೇ ಕೋರಿಕೆ. ನೀಲಿ ಬೀಳದ ಆ ಚೀಟಿ ಸಿಕ್ಕ ದಿನ ಕೊಳ್ಳುವವರು ನಿಮ್ಮ ಬಾಗಿಲಿಗೂ ಬಂದಾರು. ದಯವಿಟ್ಟು ಮಾರಬೇಡಿ. ಅದನ್ನು ಹಾಗೆಯೇ, ಬಿಳಿಯ ರೆಕ್ಕೆಯಲ್ಲೇ ಎತ್ತಿಡಿ. ಇಲ್ಲೊಬ್ಬ ಹುಡುಗಿಗೆ ಅದು ಬೇಕಾಗಿದೆ.

ನಿಮ್ಮ ಮನೆಯ ಸೊಸೆ,
ಪಾರಿಜಾತ