ನಾಲ್ಕು ತಿರುಪು

ಕೊಟ್ಟೂರು
ಸೋಮವಾರ ಬೆಳಿಗ್ಗೆ

ಅಪ್ಪಾಜಿ,

ನನಗೆ ರಜೆ ಸಿಗಲಿಲ್ಲ. ಇವತ್ತು ಅಮ್ಮನನ್ನು ಕೂಡ್ಲಿಗಿ ಆಸ್ಪತ್ರೆಗೆ ನೀವೇ ಕರೆದೊಯ್ಯಬೇಕು. ಕಾರಿನ ಸಸ್ಪೆನ್ಷನ್ ಮತ್ತೆ ಸಡಿಲ ಮಾಡಿಟ್ಟಿದ್ದೇನೆ, ಅವಳ ಸೊಂಟಕ್ಕೆ ಏಟು ಬೀಳುವುದಿಲ್ಲ.

ಈ ಹೊಸ ಸಸ್ಪೆನ್ಷನ್ ಹಾಕಿಸುವಾಗ "ಇದ್ದದ್ದ ಚಲೋ ಐತಿ, ರೇಸಿನ ಹುಚ್ಚಿಗೆ ಯಾಕ ಬದಲಸ್ತಿ?" ಎಂದಿದ್ದಿರಿ. ಅಂದಿನಿಂದ ತಿಂಗಳಾಯಿತು, ನಮ್ಮ ನಡುವೆ ಮಾತಿಲ್ಲ. ಇರುವುದು ಒಂದೇ ಕಾರು. ದಿನದ ಓಡಾಟಕ್ಕೂ ವರ್ಷಕ್ಕೆರಡು ಸಲದ ರೇಸ್ ಟ್ರ್ಯಾಕಿಗೂ ಅದೇ ಆಗಬೇಕು. ಅದಕ್ಕೇ ತಿರುಪು ತಿರುಗಿಸಿ ರೇಸಿಗೆ ಬಿಗಿ, ಊರ ದಾರಿಗೆ ಸಡಿಲ ಮಾಡುವಂಥದ್ದನ್ನು ಆರಿಸಿದೆ.

ಶನಿವಾರ ಟ್ರ್ಯಾಕಿನವರೆಗೂ ಕಾರು ಎತ್ತೆತ್ತಿ ಕುಕ್ಕಿತು. ಹಾಳು ಮಾಲು ತಂದೆನೆಂದು ನನ್ನನ್ನೇ ಬೈದುಕೊಂಡೆ. ಅಲ್ಲಿ ಬಿಗಿ ಮಾಡಲು ಬಗ್ಗಿ ನೋಡಿದರೆ ನಾಲ್ಕೂ ತಿರುಪು ಆಗಲೇ ಪೂರ್ತಿ ಬಿಗಿಯಾಗಿದ್ದವು. ಮನೆಯಲ್ಲಿ ಅವುಗಳಿಗೆ ಕೈ ಹಾಕುವವರು ನಾವಿಬ್ಬರೇ. ನೀವು ಲಾರಿ ಓಡಿಸುತ್ತಿದ್ದಾಗ ಸರಕಿಗೆ ಹಗ್ಗ ಕಟ್ಟುತ್ತಾ ಹೇಳುತ್ತಿದ್ದ ಮಾತು ನೆನಪಾಯಿತು: "ಹಗ್ಗ ಮನಿ ಮುಂದ ಬಿಗೀಬೇಕು, ದಾರ್ಯಾಗಲ್ಲ."

ಅಪ್ಪಾಜಿ, ಇದನ್ನು ಟ್ರ್ಯಾಕಿಗೆ ಹೋದ ಮೇಲೆ ಬಿಗಿಯಬೇಕು. ಮುಂದಿನ ಸಲ ಅಲ್ಲಿಗೇ ಬಂದು ಬಿಗಿದು ಕೊಡಿ.

ನಿಮ್ಮ ಮಗಳು
ವಾಣಿಶ್ರೀ